ಮದುವೆ ಕ್ಯಾಸೆಟ್ಟಿನ ಎರೆಭೂತ

ಹಾವೇರಿಯಿಂದ ಪ್ರಶಸ್ತಿಯ ಸುದ್ದಿ ತಂದವರು ಮೊದಲು ಬಂದದ್ದು ರಾಣೆಬೆನ್ನೂರಿನ ನನ್ನ ಬೀಜದ ಅಂಗಡಿಗೆ. ಪಕ್ಕದ ಫೋಟೋ ಸ್ಟುಡಿಯೋದ ಶಟರ್ ಎಳೆದಿತ್ತಲ್ಲ, ಅದಕ್ಕೆ. ಬಿತ್ತನೆಯ ದಿನಗಳು, ಗೋವಿನಜೋಳದ ಬೀಜಕ್ಕೆ ಜನ ಮುಗಿಬಿದ್ದಿದ್ದರು. ಒಬ್ಬನಿಗೆ ಈ ಕಂಪನಿಯದು ಬೇಕು, ಇನ್ನೊಬ್ಬನಿಗೆ ಅವನ ಭಾವ ಹೇಳಿದ್ದೇ ಬೇಕು. ಅಂಥ ಹೊತ್ತಿನಲ್ಲಿ ಒಬ್ಬ ಹೆಣ್ಣುಮಗಳು ಹೂವಿನ ಗುಚ್ಛ ಹಿಡಿದು ಗಲ್ಲಾದ ಮುಂದೆ ನಿಂತರೆ ಯಾರಿಗೆ ಸಿಟ್ಟು ಬರುವುದಿಲ್ಲ?

“ಅಲ್ಲಾಬಕ್ಷ ಸರ್ ಎಲ್ಲಿ ಸಿಗತಾರ್ರಿ?” ಅಂದಳು.

“ನಿಮ್ಮ ಮಗ್ಗಲದಾಗ ಕುಂತಾರ ನೋಡ್ರಿ” ಅಂದೆ.

ಅಲ್ಲಾಬಕ್ಷಣ್ಣ ಬೀಜದ ಚೀಲದ ಮೇಲೆ ಕೂತಿದ್ದ. ಚಳಿಗಾಲದಲ್ಲಿ ಹೆಂಡತಿ ದೌಲತಬಿ ತೀರಿಕೊಂಡಾಗಿನಿಂದ ಅವನ ಜಾಗ ಅದೇ. ಬೆಳಿಗ್ಗೆ ಬಂದು ತನ್ನ ಸ್ಟುಡಿಯೋದ ಬೀಗ ಮುಟ್ಟಿ ನೋಡುತ್ತಾನೆ, ತೆಗೆಯುವುದಿಲ್ಲ, ನನ್ನ ಅಂಗಡಿಗೆ ಬಂದು ಕೂರುತ್ತಾನೆ. ಚಹಾ ಕೊಟ್ಟರೆ ಕುಡಿಯುತ್ತಾನೆ, ಕೊಡದಿದ್ದರೆ ಕೇಳುವುದಿಲ್ಲ. ಮಣ್ಣು ಕೊಟ್ಟ ದಿನ ಅವನು ಅಳಲಿಲ್ಲ. ನಲವತ್ತನೇ ದಿನದ ಫಾತಿಹಾಕ್ಕೆ ಬಂದ ನೆಂಟರೆಲ್ಲ ಅತ್ತರು, ಅವನು ಎಲ್ಲರಿಗೂ ನೀರು ಕೊಡುತ್ತ ಓಡಾಡಿದ. ಗಂಡಸು ಗಟ್ಟಿ ಇದ್ದಾನೆ ಅಂತ ಜನ ಮೆಚ್ಚಿದರು. ಏನು ಗಟ್ಟಿಯೋ, ನನಗಂತೂ ನೋಡಲಿಕ್ಕೆ ಆಗುತ್ತಿರಲಿಲ್ಲ.

ಬಂದವಳ ಹೆಸರು ಮಹೇಶ್ವರಿ. ಹಾವೇರಿಯ ಕಾಲೇಜಿನಲ್ಲಿ ಪಾಠ ಹೇಳುತ್ತಾಳಂತೆ. ಅಲ್ಲಿ ಪ್ರಾಣಿಪಕ್ಷಿಗಳ ಕಾಳಜಿ ಇರುವವರ ಒಂದು ಬಳಗ ಇದೆ, ಅದಕ್ಕೆ ಕಾರ್ಯದರ್ಶಿ. ವನ್ಯಜೀವಿಗಳನ್ನು ಉಳಿಸಿದ್ದಕ್ಕೂ ಅವುಗಳ ಚಿತ್ರ ತೆಗೆದದ್ದಕ್ಕೂ ಸೇರಿಸಿ ಈ ವರ್ಷದ ಜೀವಮಾನ ಸಾಧನೆ ಪ್ರಶಸ್ತಿಯನ್ನು ಅಲ್ಲಾಬಕ್ಷಣ್ಣನಿಗೆ ಕೊಡಬೇಕು ಅಂತ ತೀರ್ಮಾನ ಮಾಡಿದ್ದರು. ಅಣ್ಣ ಅದನ್ನೆಲ್ಲ ಕೇಳಿ “ಹೂಂ” ಅಂದ. ನಾಳೆ ಕರೆಂಟು ಇರುವುದಿಲ್ಲ ಅಂದರೂ ಅವನು ಹಾಗೇ ಅನ್ನುತ್ತಿದ್ದ.

“ನೀವು ತೆಗೆದ ಫಿಲ್ಮಿನಾಗಿಂದು ಒಂದಿಷ್ಟು ಕೊಟ್ರ ವೇದಿಕಿ ಮ್ಯಾಲೆ ತೋರಸ್ತೀವ್ರಿ ಸರ್” ಅಂದಳು ಮಹೇಶ್ವರಿ.

“ನನ್ನ ಹಂತ್ಯಾಕ ಏನೂ ಇಲ್ರಿ.”

ಅದು ವಿನಯ ಅಂತ ಪಾಪ ಆಕೆ ನಕ್ಕಳು. ವಿನಯವಲ್ಲ, ಖರೇ ಮಾತು. ಅವನು ತೆಗೆದದ್ದು ಯಾವುದೂ ಅವನ ಹತ್ತಿರ ಉಳಿದಿರಲಿಲ್ಲ. ಅದು ಹೇಗೆ ಅಂತ ತಿಳಿಯಬೇಕಾದರೆ ಅವನ ಕಸುಬು ತಿಳಿಯಬೇಕು.

ಅಲ್ಲಾಬಕ್ಷಣ್ಣ ಮೇಡ್ಲೇರಿಯವನು. ಹೊಳೆದಂಡೆಯ ಹೊಲದಲ್ಲಿ ಅಣ್ಣತಮ್ಮಂದಿರು ದುಡಿಯುತ್ತಿದ್ದರೆ ಇವನು ಊರಿಗೆ ಬಂದು ಫೋಟೋ ತೊಳೆಯುವ ಕತ್ತಲೆ ಕೋಣೆ ಸೇರಿಕೊಂಡ. ಆಮೇಲೆ ನಮ್ಮ ಪಕ್ಕದ ಮಳಿಗೆ ಹಿಡಿದು ಸ್ವಂತ ಸ್ಟುಡಿಯೋ ಹಾಕಿದ. ಹೆಗಲ ಮೇಲೆ ವಿಡಿಯೋ ಕ್ಯಾಮೆರಾ ಇಟ್ಟುಕೊಂಡು ಇಲ್ಲಿನ ಮದುವೆಗಳಿಗೆ ಹೋದವರಲ್ಲಿ ಅವನೇ ಮೊದಲಿಗ. ಹಾವೇರಿ, ಬ್ಯಾಡಗಿ, ರಾಣೆಬೆನ್ನೂರು ಮೂರೂ ಕಡೆ, ಹಿಂದೂ ಮುಸಲ್ಮಾನ ಯಾರದೇ ಮದುವೆ ಇರಲಿ, ಅಕ್ಕಿಕಾಳು ಬೀಳುವ ಹೊತ್ತಿಗೆ, ನಿಕಾಹ್ ಕಬೂಲ್ ಅನ್ನುವ ಹೊತ್ತಿಗೆ ಅಲ್ಲಾಬಕ್ಷಣ್ಣನ ಕೆಂಪು ದೀಪ ಮಿಣುಕಬೇಕು.

ಒಂದು ಸಲ ಹುಣಸಿಕಟ್ಟಿ ಕಡೆಯ ಮದುವೆ ಮುಗಿಸಿ ನಸುಕಿನಲ್ಲಿ ಬರುವಾಗ ಚಿಗರಿಗಳ ಹಿಂಡು ದಾರಿ ದಾಟಿತು. ಚಿಗರಿ ಅಂದರೆ ನಮ್ಮ ಊರ ಮಗ್ಗುಲಿನ ಅಭಯಾರಣ್ಯದ ಕೃಷ್ಣಮೃಗ. ಕರಿ ಹೋರಿಗಳು ಮುಂದೆ, ಕಂದು ಹೆಣ್ಣುಗಳು ಹಿಂದೆ, ಒಂದು ಜಿಗಿದರೆ ಎಲ್ಲವೂ ಜಿಗಿಯುವುದೇ. ಟೇಪು ಇನ್ನೂ ಉಳಿದಿತ್ತು, ತೆಗೆದ. ಕ್ಯಾಸೆಟ್ಟಿನ ಕೊನೆ ಖಾಲಿ ಯಾಕೆ ಬಿಡುವುದು ಅಂತ ಮದುವೆ ಮುಗಿದ ಮೇಲೆ ಅದನ್ನೇ ಅಂಟಿಸಿ ಕೊಟ್ಟುಬಿಟ್ಟ. ಬೀಗರು ಸ್ಟುಡಿಯೋಕ್ಕೆ ಬಂದು ಕೂಗಾಡಿದರು, ನಮ್ಮ ಮದುವಿಗೆ ಚಿಗರಿ ಯಾರು ಕರದಿದ್ರು ಅಂತ. ನಾನು ಅಂಗಡಿಯಿಂದಲೇ ಕೇಳಿಸಿಕೊಂಡು ನಕ್ಕಿದ್ದೆ. ತಮಾಷೆ ನೋಡಿ, ಮುಂದಿನ ಮದುವೆಯವರೂ ಬಂದು ಕೂಗಾಡಿದರು. ಅವರ ತಕರಾರು ಬೇರೆ. ಅವರ ಕ್ಯಾಸೆಟ್ಟಿನಲ್ಲಿ ಚಿಗರಿ ಯಾಕಿಲ್ಲ?

ಅಲ್ಲಿಂದ ಅದೇ ರೂಢಿಯಾಯಿತು. ಮದುವೆ ಸುಗ್ಗಿ ಮುಗಿದರೆ ಸಾಕು, ಅಣ್ಣ ಅಡವಿಯಲ್ಲಿ. ಚಿಗರಿ, ತೋಳ, ನರಿ, ನವಿಲು, ಏನು ಸಿಕ್ಕರೆ ಅದು ಯಾರದೋ ಮದುವೆಯ ಬಾಲಕ್ಕೆ. ಬೀಗರ ಮುಖ ನೋಡಿ ಬೇಸತ್ತ ಮಕ್ಕಳು ಚಿಗರಿ ಹಚ್ಚು ಚಿಗರಿ ಹಚ್ಚು ಅಂತ ಗಂಟು ಬೀಳುತ್ತಿದ್ದವು. ಹೊಲದ ಬದುವಿಗೆ ಯಾರಾದರೂ ಉರುಲು ಹಾಕಿದ ಸುದ್ದಿ ಬಂದರೆ ಅಣ್ಣ ಸೈಕಲ್ ಹತ್ತಿ ಹೋಗುತ್ತಿದ್ದ. ಕಾಯಿದೆ ಗೀಯಿದೆ ಅನ್ನುತ್ತಿರಲಿಲ್ಲ. “ಯಜಮಾನ್ರ, ಇದು ನಿಮ್ಮ ಮಗಳ ಮದುವ್ಯಾಗ ಬಂದಿದ್ದ ಚಿಗರಿ ಐತ್ರಿ” ಅನ್ನುತ್ತಿದ್ದ. ಬೈಯಲು ಬಾಯಿ ತೆರೆದವರು ನಕ್ಕುಬಿಡುತ್ತಿದ್ದರು. ಬೆಳೆ ತಿಂದದ್ದು ಹೊಟ್ಟೆ ಉರಿಸುವ ಮಾತೇ, ಆದರೂ ಮಗಳ ಮದುವೆಗೆ ಬಂದದ್ದನ್ನು ಹೊಡೆಯಲು ಕೈ ಬರಬೇಕಲ್ಲ! ಎಷ್ಟೋ ಜನ ತಾವೇ ಉರುಲು ಕಿತ್ತು ಅವನ ಕೈಗೆ ಕೊಟ್ಟಿದ್ದಾರೆ.

ಇದರಲ್ಲಿ ದೌಲತಬಿಯ ಪಾಲು ಅರ್ಧ. ಆಕೆ ಹೊಸರಿತ್ತಿಯ ಬಂಡಿ ಹೊಡೆಯುವ ಗೂಡುಸಾಬರ ಮಗಳು, ಎತ್ತಿನ ಹಗ್ಗ ಹಿಡಿದೇ ಬೆಳೆದವಳು. ಗಂಡಸೊಬ್ಬ ಹೊಲದಲ್ಲಿ ತೆವಳುತ್ತ ಬಂದರೆ ಪ್ರಾಣಿಗಳು ಒಂದು ಹರದಾರಿ ಓಡುತ್ತವೆ, ಎತ್ತಿನ ಬಂಡಿಯಲ್ಲಿ ಹೆಣ್ಣುಮಗಳು ಕೂತು ಬಂದರೆ ತಲೆ ಎತ್ತಿ ನೋಡಿ ಮತ್ತೆ ಮೇಯುತ್ತವೆ. ಅದಕ್ಕೇ ದೌಲತಬಿ ಬಂಡಿ ಹೊಡೆಯುವುದು, ಅಣ್ಣ ಹಿಂದೆ ಕಂಬಳಿ ಹೊದ್ದು ಕ್ಯಾಮೆರಾ ಹಿಡಿದು ಮಲಗುವುದು. ಮನೆಯಲ್ಲಿ ಅವರದು ಉರ್ದು, ಬಂಡಿ ಹತ್ತಿದರೆ ಆಕೆ ಪೂರ್ತಿ ಕನ್ನಡ. ಕೇಳಿದರೆ “ಎತ್ತಿಗೆ ಉರ್ದು ತಿಳಿಯೂದಿಲ್ಲ ಶಾರದಕ್ಕಾ” ಅನ್ನುತ್ತಿದ್ದಳು. ಎಂಥ ದನಿ ಅಂತೀರಿ! ಬೀದಿಯ ಆ ತುದಿಯಲ್ಲಿ ಮಾತಾಡಿದರೆ ಈ ತುದಿಯಲ್ಲಿ ನಾನು ಉತ್ತರ ಕೊಡಬಹುದಿತ್ತು. ದಿನಾ ಸಂಜೆ ಅಂಗಡಿಯ ಮೆಟ್ಟಿಲ ಮೇಲೆ ನಮ್ಮಿಬ್ಬರ ಕಚೇರಿ. ಯಾರ ಸುದ್ದಿಯನ್ನೂ ಬಿಟ್ಟವರಲ್ಲ.

ಆ ದನಿ ಹೋಗಿ ಬಹಳ ವರ್ಷವಾಗಿತ್ತು. ಗಂಟಲಿಗೆ ಗಡ್ಡೆಯಾಗಿ ಹುಬ್ಬಳ್ಳಿಯಲ್ಲಿ ಆಪರೇಷನ್ ಆಯಿತು. ಜೀವ ಉಳಿಯಿತು, ಮಾತು ಉಳಿಯಲಿಲ್ಲ. ಎಲ್ಲರ ಕೈಗೂ ಫೋನು ಬಂದು, ಕೆಮ್ಮಿದ್ದನ್ನೂ ರೆಕಾರ್ಡ್ ಮಾಡುವ ಕಾಲ ಬರುವ ಹೊತ್ತಿಗೆ ದೌಲತಬಿ ಕೈಸನ್ನೆ ಮಾಡುತ್ತಿದ್ದಳು. ಹಾಗೇ ಇದ್ದು, ಹಾಗೇ ಹೋದಳು. ಮೂರು ತಾಲೂಕಿನ ಮಂದಿಯ ದನಿ ಹಿಡಿದವನ ಮನೆಯಲ್ಲಿ ಹೆಂಡತಿಯ ದನಿಯ ಒಂದು ತುಣುಕೂ ಇರಲಿಲ್ಲ. ಟೇಪು ತುಟ್ಟಿ ಇದ್ದ ಕಾಲ ಅದು. ಒಂದು ಮದುವೆಯ ಕ್ಯಾಸೆಟ್ಟು ಮಾಡಿ ಕೊಟ್ಟಮೇಲೆ ಮೂಲ ಟೇಪನ್ನು ಉಜ್ಜಿ ಮುಂದಿನ ಮದುವೆಗೆ ಒಯ್ಯುವುದು ಎಲ್ಲ ಸ್ಟುಡಿಯೋದವರ ಪದ್ಧತಿ. ಅಡವಿಯಲ್ಲಿ ತೆಗೆದದ್ದೆಲ್ಲ ಹಾಗೇ ಅಳಿಸಿಹೋಗಿ, ಮದುವೆ ಮನೆಗಳ ಕಪಾಟಿನಲ್ಲಿ ಮಾತ್ರ ಉಳಿದಿತ್ತು.

ಇಷ್ಟನ್ನು ನನ್ನ ಬಾಯಿಂದ ಕೇಳಿದ ಮಹೇಶ್ವರಿ ಅಣ್ಣನ ಕಡೆ ತಿರುಗಿದಳು. “ಸರ್, ನೀವು ಎರೆಭೂತ ತಗದೀರಿ ಅಂತ ಹಿರ್‍ಯಾರು ಹೇಳತಿದ್ರು. ಅದು ಯಾರ ಮದುವ್ಯಾಗ ಐತ್ರಿ?” ಅಂತ ಕೇಳಿದಳು.

ಅಷ್ಟು ತಿಂಗಳಲ್ಲಿ ಮೊದಲ ಸಲ ಅಲ್ಲಾಬಕ್ಷಣ್ಣ ತಲೆ ಎತ್ತಿದ. ಎರೆಭೂತ ಅಂದರೆ ಎರೆಹೊಲದ ದೊಡ್ಡ ಹಕ್ಕಿ, ನಿಂತರೆ ಸೊಂಟದ ತನಕ ಬರುತ್ತದೆ, ಹಾರುವುದಕ್ಕಿಂತ ನಡೆಯುವುದೇ ಹೆಚ್ಚು. ನಮ್ಮ ಕಡೆ ಅದನ್ನು ಈಗ ನೋಡಿದವರೇ ಇಲ್ಲ.

“ಬ್ಯಾಡಗಿ” ಅಂದ. “ಮೆಣಸಿನಕಾಯಿ ದಲಾಲಿ ಅಂಗಡಿಯವರ ಮನಿ. ವಿಜಯಮಹಾಂತೇಶಂದೂ ಶ್ರೀದೇವಿದೂ ಲಗ್ನ. ಅದರ ಮರುದಿನ ತಗದದ್ದು. ನಾಳೆ ಮತ್ತ ಬರತೈತಿ ಅಂದ್ಕೊಂಡು ಆ ಟೇಪ್ ಮುಂದಿನ ಮದುವಿಗೆ ಒಯ್ದೆ. ಬರಲಿಲ್ಲ.”

ಮಹೇಶ್ವರಿ ಹೋದಮೇಲೆ ನನ್ನ ಕಡೆ ತಿರುಗಿ, “ತಂಗೀ, ಅದರಾಗ ಅಕಿ ಮಾತಾಡ್ಯಾಳ” ಅಂದ.

ಕೈಯಲ್ಲಿದ್ದ ಬೀಜದ ಪಾಕೀಟನ್ನು ಗಲ್ಲಾದ ಮೇಲೆ ಒಗೆದೆ. ಗಿರಾಕಿಗಳನ್ನು ಬೈದು ಸಂಜೆ ಬರ್ರಿ ಅಂತ ಕಳಿಸಿಬಿಟ್ಟೆ.

ಅವನ ಮಗ ಜಾಕೀರ್ ಕುಮಾರಪಟ್ಟಣದ ಕಾರ್ಖಾನೆಯಲ್ಲಿ ಕೆಲಸದಲ್ಲಿದ್ದಾನೆ. ರಜೆಯ ದಿನ ಕಾರು ತಂದ, ಮೂವರೂ ಬ್ಯಾಡಗಿಗೆ ಹೋದೆವು. ಊರು ಹತ್ತಿರ ಬಂದಂತೆ ಮೆಣಸಿನಕಾಯಿ ಘಾಟಿಗೆ ನಾನೂ ಜಾಕೀರನೂ ಸೀನಿದ್ದೇ ಸೀನಿದ್ದು. ಅಣ್ಣ ಮೂಗು ಕೂಡ ಒರೆಸಿಕೊಳ್ಳಲಿಲ್ಲ. ಅಂಗಿ ಮಾತ್ರ ಹೊಸದು ಹಾಕಿಕೊಂಡು ಬಂದಿದ್ದ, ಇಸ್ತ್ರಿ ಮಾಡಿಸಿದ್ದ. ಅದನ್ನು ನೋಡಿ ನನಗೆ ಹೆದರಿಕೆಯಾಯಿತು.

ಶ್ರೀದೇವಿ ಈಗ ಅಜ್ಜಿಯಾಗಿದ್ದಾಳೆ. “ಬರ್ರಿ ಅಲ್ಲಾಬಕ್ಷಣ್ಣಾರ, ಕುಂದ್ರಿ. ನಮ್ಮ ಹುಡುಗ್ರು ಮದುವಿ ಓಡಿಸಿ ಓಡಿಸಿ ನಿಮ್ಮ ಎರೆಭೂತನ ನೋಡತಿದ್ರು” ಅಂದಳು. ಹಳೇ ಕ್ಯಾಸೆಟ್ಟನ್ನು ವಿಜಯಮಹಾಂತೇಶ ಎಂದೋ ಪೆನ್‌ಡ್ರೈವಿಗೆ ಹಾಕಿಸಿಟ್ಟಿದ್ದ. ಉಪ್ಪಿಟ್ಟು ಬಂತು, ಚಹಾ ಬಂತು, ಅಣ್ಣ ಮುಟ್ಟಲಿಲ್ಲ. ದೊಡ್ಡ ಟಿವಿಯಲ್ಲಿ ತಾಳಿ ಕಟ್ಟುವುದು, ಊಟದ ಪಂಕ್ತಿ, ಹೆಣ್ಣು ಒಪ್ಪಿಸುವಾಗಿನ ಅಳು, ಎಲ್ಲ ಓಡಿದವು. ಆಮೇಲೆ ಒಮ್ಮೆಲೇ ಬಯಲು ಬಂತು. ಎರೆ ಮಣ್ಣು, ಒಣಹುಲ್ಲು, ಬಂಡಿಯ ಒಂದು ಗೂಟ. ದೂರದಿಂದ ಎರೆಭೂತ ನಡೆದು ಬರುತ್ತಿತ್ತು. ಬಿಳಿ ಕತ್ತು ನೆಟ್ಟಗೆ, ಗದ್ದ ಮೇಲೆ, ಒಂದೊಂದೇ ಹೆಜ್ಜೆ.

ಅದರ ಮೇಲೆ ಸಿನಿಮಾ ಹಾಡು.

ಯಾವುದೋ ಹಳೇ ಸಿನಿಮಾದ ಪ್ರೇಮದ ಹಾಡು, ಗಂಡು ಹೆಣ್ಣು ಇಬ್ಬರೂ ಹಾಡಿದ್ದು, ನಡುನಡುವೆ ಪಿಟೀಲು. ಹಕ್ಕಿ ನಡೆದಷ್ಟೂ ಹೊತ್ತು ಹಾಡು. ಗಾಳಿಯ ಸದ್ದಿಲ್ಲ, ಎತ್ತಿನ ಗಂಟೆಯಿಲ್ಲ, ದೌಲತಬಿ ಇಲ್ಲ. ಮದುವೆ ಕ್ಯಾಸೆಟ್ಟು ಮಾಡುವವರು ಎರಡು ಮಷೀನು ಇಟ್ಟು ಚಿತ್ರವನ್ನು ಒಂದರಿಂದ ಇನ್ನೊಂದಕ್ಕೆ ಇಳಿಸುವಾಗ ಮೂಲ ಸದ್ದು ತೆಗೆದು ಹಾಡು ತುಂಬುತ್ತಾರೆ. ಹಾಡಿಲ್ಲದ ಕ್ಯಾಸೆಟ್ಟನ್ನು ಯಾರೂ ಒಪ್ಪುತ್ತಿರಲಿಲ್ಲ. ಇದನ್ನು ಅವನೇ ತುಂಬಿದ್ದು, ಅವನ ಕೈಯಿಂದಲೇ. ಅಷ್ಟು ವರ್ಷದ ಕಸುಬು, ಆದರೂ ಅದೊಂದು ನೆನಪಿಗೆ ಬಂದಿರಲಿಲ್ಲ. ಇಸ್ತ್ರಿ ಅಂಗಿ ಹಾಕಿಕೊಂಡು ಬಂದುಬಿಟ್ಟಿದ್ದ.

ನಾನು ಅವನ ಮುಖ ನೋಡಿದೆ. ಏನೂ ಇರಲಿಲ್ಲ, ಒರೆಸಿಟ್ಟ ಹಲಗೆಯ ಹಾಗೆ ಇತ್ತು. ಜಾಕೀರ್ ಎದ್ದು ಹೊರಗೆ ಹೋದ. ನಡುವೆ ಒಂದು ಕಡೆ ಚಿತ್ರ ಗಡಗಡ ಅಲ್ಲಾಡಿ ಮತ್ತೆ ನಿಂತಿತು.

“ಅಲ್ಲಿ ಕ್ಯಾಸೆಟ್ ಕೆಟ್ಟಿತ್ರಿ. ಬೇಕಾದ್ರ ಅಷ್ಟು ಕತ್ತರಸ್ರಿ” ಅಂದ ವಿಜಯಮಹಾಂತೇಶ.

“ಬ್ಯಾಡ” ಅಂದ ಅಣ್ಣ. ಆ ಅಲ್ಲಾಡಿದ ಜಾಗವನ್ನು ಮತ್ತೊಮ್ಮೆ ಹಚ್ಚಲು ಹೇಳಿದ, ನೋಡಿದ, ಎದ್ದ. ಮಹೇಶ್ವರಿಗೆ ಕೊಡಲು ಪೆನ್‌ಡ್ರೈವು ತೆಗೆದುಕೊಂಡು ಹೊರಟೆವು. ನನಗೆ ಎಲ್ಲರ ಮೇಲೂ ಸಿಟ್ಟು ಬಂದಿತ್ತು, ಆ ಹಾಡು ಹಾಡಿದವರ ಮೇಲೆ ಕೂಡ.

ಆಮೇಲಿನ ದಿನಗಳಲ್ಲಿ ಅವನು ಬೀಗ ಮುಟ್ಟುವುದನ್ನೂ ಬಿಟ್ಟ. ನೇರ ಬಂದು ಚೀಲದ ಮೇಲೆ ಕೂರುವುದು, ಅಂಗಡಿ ಮುಚ್ಚುವಾಗ ಏಳುವುದು. ನಾನು ಬೈದೆ. ತಿನ್ನಲು ಕೊಟ್ಟೆ. ಮತ್ತೆ ಬೈದೆ. ಕಲ್ಲಿಗೆ ಹೇಳಿದ್ದರೆ ಕಲ್ಲಾದರೂ ಕರಗುತ್ತಿತ್ತು. ಪ್ರಶಸ್ತಿಯ ದಿನ ಜಾಕೀರನೇ ಅವನಿಗೆ ಅಂಗಿ ಹಾಕಿ ಕರೆತಂದ. ನಾನು ಅಂಗಡಿಗೆ ಬಾಗಿಲು ಹಾಕಿ ಇಳಕಲ್ ಸೀರೆ ಉಟ್ಟು ಜೊತೆಗೆ ಹೊರಟೆ. ದೌಲತಬಿ ಇದ್ದಿದ್ದರೆ ಆ ಸೀರೆ ನೋಡಿ ಕೈಸನ್ನೆಯಲ್ಲೇ ಏನಾದರೂ ಚೇಷ್ಟೆ ಮಾಡುತ್ತಿದ್ದಳು.

ಹಾವೇರಿಯ ಸಭಾಭವನ ತುಂಬಿತ್ತು. ಭಾಷಣ ಮಾಡಿದವರೆಲ್ಲ ಒಳ್ಳೆಯ ಮಾತನ್ನೇ ಆಡಿದರು, ಉದ್ದವಾಗಿ ಆಡಿದರು. ಶಾಲು ಹೊದಿಸಿದರು, ನಮ್ಮ ಹಾವೇರಿಯ ಏಲಕ್ಕಿ ಹಾರ ಹಾಕಿದರು, ಫಲಕ ಕೊಟ್ಟರು. ಅಣ್ಣ ಎಲ್ಲದಕ್ಕೂ ಕತ್ತು ಬಗ್ಗಿಸಿದ. ಯಾರದೋ ಸನ್ಮಾನಕ್ಕೆ ತಾನು ಬದಲಿಗೆ ನಿಂತಿದ್ದೇನೆ ಅನ್ನುವ ಹಾಗೆ ನಿಂತಿದ್ದ. ಆಮೇಲೆ ದೀಪ ಆರಿಸಿ ಪರದೆಯ ಮೇಲೆ ಚಿತ್ರ ಬಿಟ್ಟರು. ಬಯಲು ಬಂತು, ಹಾಡು ಶುರುವಾಯಿತು.

“ಅದರ ಸದ್ದು ತಗೀರಿ” ಅಂದ ಅಲ್ಲಾಬಕ್ಷಣ್ಣ, ಮೈಕಿನ ಹತ್ತಿರ ಬಂದು.

ಮಹೇಶ್ವರಿ ಓಡಿಹೋಗಿ ಸದ್ದು ತೆಗೆಸಿದಳು. ಅಷ್ಟು ದೊಡ್ಡ ಸಭೆಯಲ್ಲಿ ಫ್ಯಾನಿನ ಸದ್ದು ಬಿಟ್ಟರೆ ಬೇರೆ ಇಲ್ಲ. ಎರೆಭೂತ ನಡೆದು ಬಂತು, ಬಂತು, ಚಿತ್ರ ಗಡಗಡ ಅಲ್ಲಾಡಿತು.

“ಇಲ್ಲಿ ನಾ ನಕ್ಕಿದ್ದೆ” ಅಂದ ಅಣ್ಣ. “ಕೈ ಅಳ್ಳಾಡಿದ್ದು ಅದಕ್ಕ. ಬಂಡಿ ಮ್ಯಾಲೆ ನನ್ನ ಹೆಂಡ್ತಿ ದೌಲತಬಿ ಇದ್ಲು. ಅಕಿ ಏನೋ ಅಂದ್ಲು, ನಗು ತಡಿಯಾಕ ಆಗಲಿಲ್ಲ. ಏನಂದ್ಲು ಅನ್ನೂದು ನೆನಪಾಗವಲ್ದು. ಬ್ಯಾಡಗಿಯಿಂದ ಬಂದಾಗಿಂದ ನೆನಸಾಕತ್ತೇನಿ. ದನಿ ಅಂತೂ ಹೋತು. ಮಾತಾದ್ರೂ ನೆನಪಿರಬೇಕಿತ್ತು. ಅದೂ ಇಲ್ಲ.”

ಅಷ್ಟು ದಿನ ಚೀಲದ ಮೇಲೆ ಕೂತು ಅವನು ಹುಡುಕುತ್ತಿದ್ದದ್ದು ಅದನ್ನು. ಎಲಾ ಇವನ! ನನ್ನ ಅಂಗಡಿಯಲ್ಲೇ ಕೂತು, ನನ್ನನ್ನು ಒಂದು ಮಾತು ಕೇಳಬಾರದಿತ್ತೇ? ಹಕ್ಕಿಯ ಚಿತ್ರ ತೆಗೆದು ಬಂದ ಸಂಜೆ ಅಂಗಡಿಯ ಮೆಟ್ಟಿಲ ಮೇಲೆ ದೌಲತಬಿ ಆ ಮಾತು ಹೇಳಿ ನನಗೆ ನಡೆದು ತೋರಿಸಿದ್ದಳು, ಸೆರಗು ಎಳೆದು, ಗದ್ದ ಮೇಲೆ ಮಾಡಿ. ಅವಳ ಅತ್ತೆಯ ನಡಿಗೆ ಬೀದಿಗೆಲ್ಲ ಗೊತ್ತಿತ್ತು. ನಾವಿಬ್ಬರೂ ಹೊಟ್ಟೆ ಹಿಡಿದು ನಕ್ಕಿದ್ದೆವು.

ನಾನು ಎದ್ದು ನಿಂತೆ. ಮೈಕು ಗೀಕು ಯಾರಿಗೆ ಬೇಕು?

“ಅಣ್ಣಾ, ನಾ ಹೇಳತೇನಿ ಕೇಳ್ರಿ. ‘ನೋಡ್ರಿ, ಥೇಟ್ ನಿಮ್ಮವ್ವ ಮದುವಿ ಮನಿಗೆ ಬಂದಂಗ ಬರಾಕತ್ತೈತಿ. ಇನ್ನ ಚಾ ಆರೇತಿ ಅಂತ ಜಗಳಾ ತಗೀತೈತಿ’ ಅಂದಿದ್ಲು.”

ಪರದೆಯ ಮೇಲೆ ಎರೆಭೂತ ಇನ್ನೂ ನಡೆಯುತ್ತಿತ್ತು, ಬೀಗರ ಮನೆಯ ಹಿರೇಹೆಂಗಸಿನ ಹಾಗೆ. ಸಭೆಯೆಲ್ಲ ಗೊಳ್ಳೆಂದು ನಕ್ಕಿತು. ಅಲ್ಲಾಬಕ್ಷಣ್ಣ ನಗಲಿಲ್ಲ. “ಹಾಂ” ಅಂದ. “ಹೌದು. ಹಂಗ ಅಂದಿದ್ಲು.” ಹೋಗಿ ಕುರ್ಚಿಯ ಮೇಲೆ ಕೂತ. ಮಹೇಶ್ವರಿ ವಂದನಾರ್ಪಣೆ ಮಾಡಿದಳು, ಜನ ಎದ್ದರು, ನಮಗೆ ಪುಳಿಯೋಗರೆ ಕೊಟ್ಟರು.

ಬಿಸಿಲು ಇರುವಾಗಲೇ ಊರಿಗೆ ಹೊರಟೆವು. ಹಾರ ತೆಗೆಯಿರಿ ಅಂದರೆ ಅವನು ತೆಗೆಯಲಿಲ್ಲ, ಕಾರೆಲ್ಲ ಏಲಕ್ಕಿ ವಾಸನೆ. ನಾನು ಹಿಂದಿನ ಸೀಟಿನಲ್ಲಿ ಅವನ ಮಗ್ಗುಲಿಗೆ ಕೂತಿದ್ದೆ. ಇಷ್ಟಾದರೂ ಇವನಿಗೆ ಏನೂ ಆಗಲಿಲ್ಲವಲ್ಲ ಅಂತ ಸಿಟ್ಟು, ದುಃಖ, ಎರಡೂ ಬಂದಿದ್ದವು. ಮೋಟೆಬೆನ್ನೂರು ದಾಟಿತು.

“ತಂಗೀ” ಅಂದ. “ಇನ್ನೊಮ್ಮೆ ಅನ್ನು.”

ಅಂದೆ.

“ಹಂಗಲ್ಲ. ಅಕಿ ‘ಚಾ’ ಅನ್ನೂಮುಂದ ಎಳೀತಿದ್ಲು.”

ಖರೇ, ಎಳೆಯುತ್ತಿದ್ದಳು. ನಾನೂ ಮರೆತಿದ್ದೆ. “ಚಾಆ ಆರೇತಿ ಅಂತ ಜಗಳಾ ತಗೀತೈತಿ” ಅಂತ ಬಂಡಿಯ ಮೇಲೆ ಕೂತವಳ ಹಾಗೆ ದೊಡ್ಡ ದನಿಯಲ್ಲಿ ಅಂದೆ.

ಅವನ ಎದೆಯ ಮೇಲಿನ ಏಲಕ್ಕಿ ಹಾರ ಅಲ್ಲಾಡತೊಡಗಿತು. ಮೊದಲು ನಕ್ಕ. ನಕ್ಕು ನಕ್ಕು, ಆಮೇಲೆ ಅತ್ತ. ಜಾಕೀರ್ ಕಾರು ನಿಲ್ಲಿಸಲು ಹೋದ, ನಿಲ್ಲಿಸಬೇಡ ನಡಿ ಅಂದೆ. ರಾಣೆಬೆನ್ನೂರು ಬರುವ ತನಕ ಅವನು “ಇನ್ನೊಮ್ಮೆ” ಅನ್ನುತ್ತಿದ್ದ, ನಾನು ಅನ್ನುತ್ತಲೇ ಇದ್ದೆ.